ಯಕೃತ್ತಿನ ಹೀಮ್ ಮತ್ತು ಒಂದು ಹೊಟ್ಟೆನೋವು: ನನ್ನ ಅನುಭವ

ಹೀಮ್ ಎಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣವಿರುವ ವಸ್ತು. ನಮ್ಮ ದೇಹದ ಹೀಮ್‌ನಲ್ಲಿ ಸುಮಾರು ಶೇ. 85ರಷ್ಟು ಅಸ್ಥಿಮಜ್ಜೆಯಲ್ಲಿ ಹಿಮೋಗ್ಲೋಬಿನ್‌ಗಾಗಿ ತಯಾರಾಗುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಯಕೃತ್ತಿನದು. ಅಲ್ಲಿ ಅದು ಮುಖ್ಯವಾಗಿ ಔಷಧಗಳನ್ನು ಅರಗಿಸುವ ಸೈಟೋಕ್ರೋಮ್ ಪಿ450 ಕಿಣ್ವಗಳಿಗೆ ಬಳಕೆಯಾಗುತ್ತದೆ. ತಯಾರಿಕೆಯ ಮೊದಲ ಹೆಜ್ಜೆಯ ಕಿಣ್ವಕ್ಕೆ ಯಕೃತ್ತಿನಲ್ಲಿ 3ನೇ ವರ್ಣತಂತುವಿನ ಅಲಾಸ್-1 ವಂಶವಾಹಿ, ಮಜ್ಜೆಯಲ್ಲಿ ಎಕ್ಸ್ ವರ್ಣತಂತುವಿನ ಅಲಾಸ್-2. ಮಜ್ಜೆಯಲ್ಲಿ ಕಬ್ಬಿಣಾಂಶದ ಲಭ್ಯತೆ ಮುಖ್ಯವಾದರೆ, ಯಕೃತ್ತಿನಲ್ಲಿ ಹೀಮ್ ತಾನೇ ಅಲಾಸ್-1ನ್ನು ತಡೆಹಿಡಿಯುತ್ತದೆ. ಹುಬ್ಬಳ್ಳಿಯಲ್ಲಿ ವೈದ್ಯವೃತ್ತಿ ನಡೆಸುವ ನನಗೆ ಈ ವ್ಯತ್ಯಾಸದ ನಿಜವಾದ ಬೆಲೆ ತಿಳಿದದ್ದು ಹಾವೇರಿ ಜಿಲ್ಲೆಯ ಒಬ್ಬ ಯುವತಿಗೆ ಚಿಕಿತ್ಸೆ ನೀಡುವಾಗ.

ಅವರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ತೀವ್ರ ಹೊಟ್ಟೆನೋವು ಬರುತ್ತಿತ್ತು. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿತ್ತು, ಸ್ಕ್ಯಾನ್‌ನಲ್ಲಿ ದೋಷವಿರಲಿಲ್ಲ. ಈ ಸಲ ಶ್ರಾವಣ ಸೋಮವಾರದ ಉಪವಾಸದ ನಂತರ ನೋವು ಉಲ್ಬಣಿಸಿ, ಸೋಡಿಯಂ ಇಳಿದು, ಅಪಸ್ಮಾರವೂ ಆಗಿ, ಬೇರೆಡೆ ಫೆನಿಟಾಯಿನ್ ಎಂಬ ಅಪಸ್ಮಾರದ ಔಷಧ ಆರಂಭಿಸಿದ ಮೇಲೆ ಸ್ಥಿತಿ ಇನ್ನಷ್ಟು ಹದಗೆಟ್ಟಿತ್ತು. ರಕ್ತಹೀನತೆ ಮಾತ್ರ ಇರಲಿಲ್ಲ. ಮಜ್ಜೆಯ ಹೀಮ್ ಸರಿಯಾಗಿದ್ದು ಯಕೃತ್ತಿನದಷ್ಟೇ ಹಳಿ ತಪ್ಪಿರಬಹುದೆಂಬ ಸಂಶಯ ನನಗೆ ಅಲ್ಲಿಂದಲೇ ಹುಟ್ಟಿತು.

ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತಿದ ಸೀಸೆಯಲ್ಲಿ ಮೂತ್ರ ತರಿಸಿ, ಪರೀಕ್ಷಾ ನಳಿಕೆಯಲ್ಲಿ ಅಷ್ಟೇ ಪ್ರಮಾಣದ ಎರ್ಲಿಕ್ ದ್ರಾವಣವನ್ನು ಬೆರೆಸಿದೆವು. ಕೆಂಪು ಬಣ್ಣ ಬಂತು. ಪಿತ್ತದ ಬಣ್ಣದಿಂದ ಹುಟ್ಟುವ ಯುರೋಬಿಲಿನೋಜನ್ ಇದ್ದರೂ ಹೀಗೆ ಕೆಂಪಾಗುತ್ತದೆ. ಆದ್ದರಿಂದ ಸೋಡಿಯಂ ಅಸಿಟೇಟ್ ಸೇರಿಸಿ, ಕ್ಲೋರೋಫಾರ್ಮ್ ಹಾಕಿ ಕುಲುಕಿ ಕಾದೆವು. ಕೆಂಪು ತಳದ ಕ್ಲೋರೋಫಾರ್ಮ್‌ಗೆ ಇಳಿಯದೆ ಮೇಲಿನ ನೀರಿನ ಪದರದಲ್ಲೇ ಉಳಿಯಿತು. ಬ್ಯುಟನಾಲ್‌ನಿಂದಲೂ ಅದೇ ಉತ್ತರ: ಹೀಮ್ ತಯಾರಿಕೆಯ ನಡುವೆ ಉಂಟಾಗುವ ಪಾರ್ಫೋಬಿಲಿನೋಜನ್. ಮುಂದೆ ಪ್ರಮಾಣದ ಅಳತೆ ಮತ್ತು ವಂಶವಾಹಿ ಪರೀಕ್ಷೆ ಇದನ್ನು ದೃಢಪಡಿಸಿದವು. ಹೀಮ್ ಹಾದಿಯ ಮೂರನೆಯ ಕಿಣ್ವದ ಎಚ್‌ಎಂಬಿಎಸ್ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತ್ತು. ಇದೇ ಅಕ್ಯೂಟ್ ಇಂಟರ್ಮಿಟೆಂಟ್ ಪಾರ್ಫೈರಿಯಾ ಎಂಬ ರೋಗ.

ಅರ್ಧದಷ್ಟು ಕಿಣ್ವವಿದ್ದರೂ ಸಾಮಾನ್ಯ ದಿನಗಳಲ್ಲಿ ಕೆಲಸ ಸಾಗುತ್ತದೆ. ಉಪವಾಸದಲ್ಲಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನ್ ಅಲಾಸ್-1ನ್ನು ಎಬ್ಬಿಸುತ್ತದೆ. ಫೆನಿಟಾಯಿನ್‌ನಂಥ ಔಷಧಗಳು ಪಿ450 ಜೊತೆಗೆ ಅಲಾಸ್-1ನ್ನೂ ಏರಿಸುತ್ತವೆ. ಆಗ ಮೊದಲ ಹೆಜ್ಜೆ ಓಡತೊಡಗುತ್ತದೆ, ಮೂರನೆಯದು ಹಿಂದುಳಿಯುತ್ತದೆ, ನಡುವಿನ ವಸ್ತುಗಳು ಕಟ್ಟೆಯೊಡೆದ ಕೆರೆಯ ನೀರಿನಂತೆ ರಕ್ತಕ್ಕೆ ನುಗ್ಗಿ ನರಗಳನ್ನು ಕಾಡುತ್ತವೆ. ಹೀಗಾಗಿ ನೋವುನಿವಾರಕ ಕೊಟ್ಟು ಸುಮ್ಮನಿರುವುದು ಚಿಕಿತ್ಸೆಯಲ್ಲ. ಅಲಾಸ್-1ನ್ನು ತಗ್ಗಿಸುವುದೇ ಚಿಕಿತ್ಸೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫೆನಿಟಾಯಿನ್ ನಿಲ್ಲಿಸಿ ಲೆವಟಿರಾಸಿಟಾಮ್ ಕೊಟ್ಟೆ, ನೋವಿಗೆ ಮಾರ್ಫಿನ್. ಔಷಧ ರೂಪದ ಹೀಮ್ ಆದ ಹೆಮಿನ್ ನಮ್ಮಲ್ಲಿ ಕೂಡಲೇ ಸಿಗದ್ದರಿಂದ, ಅದು ಬರುವವರೆಗೆ ದಿನಕ್ಕೆ 300 ಗ್ರಾಂ ಗ್ಲೂಕೋಸ್ ರಕ್ತನಾಳದ ಮೂಲಕ ಹೋಗುವಂತೆ ಶೇ. 10ರ ದ್ರಾವಣವನ್ನು ಲವಣ ಸೇರಿಸಿಯೇ ಹಾಕಿದೆ. ಬರೀ ಡೆಕ್ಸ್‌ಟ್ರೋಸ್ ನೀರು ಕೊಟ್ಟರೆ ಇಳಿದ ಸೋಡಿಯಂ ಮತ್ತೂ ಇಳಿಯುತ್ತದೆ. ಗ್ಲೂಕೋಸ್ ಮತ್ತು ಅದರಿಂದ ಏರುವ ಇನ್ಸುಲಿನ್ ಪಿಜಿಸಿ-1 ಆಲ್ಫಾದ ಕೈ ಕಟ್ಟುತ್ತವೆ. ಹೆಮಿನ್ ಬಂದ ಮೇಲೆ ಕೆ.ಜಿ. ತೂಕಕ್ಕೆ 3 ಮಿ.ಗ್ರಾಂನಂತೆ, ರಕ್ತನಾಳ ಉರಿಯದಿರಲೆಂದು ಆಲ್ಬುಮಿನ್‌ನಲ್ಲಿ ಬೆರೆಸಿ, ದೊಡ್ಡ ರಕ್ತನಾಳದ ಮೂಲಕ 4 ದಿನ ನೀಡಿದೆ. ಹೊರಗಿನಿಂದ ಹೋದ ಈ ಹೀಮ್ ಅಲಾಸ್-1ರ ಸಂದೇಶವಾಹಕ ಆರ್‌ಎನ್‌ಎ ತಯಾರಾಗುವುದನ್ನು ತಡೆಯುತ್ತದೆ, ತಯಾರಾದದ್ದನ್ನು ಬೇಗ ಅಳಿಸುತ್ತದೆ, ಕಿಣ್ವವು ಮೈಟೋಕಾಂಡ್ರಿಯಾದೊಳಗೆ ಹೋಗದಂತೆಯೂ ನೋಡಿಕೊಳ್ಳುತ್ತದೆ. ನೋವು ಇಳಿದು, ಅವರು ಗಂಜಿ ಕುಡಿದು ನಿದ್ರಿಸಿದರು.

ಅಲಾಸ್-1ರ ಆರ್‌ಎನ್‌ಎಯನ್ನೇ ಕತ್ತರಿಸುವ ಗಿವೋಸಿರಾನ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ. ಅದರ ಬೆಲೆ ನಮ್ಮ ರೋಗಿಗಳ ಕೈಗೆ ನಿಲುಕುವಂಥದ್ದಲ್ಲ. ಈ ಮನೆಯವರಿಗೆ ನಾನು ಹೇಳಿದ್ದು, ಉಪವಾಸ ಬೇಡ, ಮೂರು ಹೊತ್ತೂ ರೊಟ್ಟಿ-ಅನ್ನ ಬಿಡಬೇಡಿ ಎಂದು. ಅವರ ತಂಗಿಯಲ್ಲೂ ಅದೇ ವಂಶವಾಹಿ ದೋಷ ಕಂಡಿದೆ, ತೊಂದರೆ ಈವರೆಗೆ ಬಂದಿಲ್ಲ. ಈ ದೋಷ ಹೊತ್ತ ಬಹುತೇಕರಿಗೆ ಜೀವನಪೂರ್ತಿ ಬರುವುದೂ ಇಲ್ಲ. ಆದರೂ ಮುಂದೆಂದಾದರೂ ಶಸ್ತ್ರಚಿಕಿತ್ಸೆಯಾದರೆ ಅರಿವಳಿಕೆಗೆ ಥಯೋಪೆಂಟೋನ್ ಬಳಸಬಾರದೆಂದು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು ಇಬ್ಬರಿಗೂ ಚೀಟಿ ಕೊಟ್ಟಿದ್ದೇನೆ.