ಅಪ್ಪನ ಫೋನು, ಮಗಳ ಫೋನು: ಬೈಯದೆ ಸರಿ ಮಾಡೋದು ಹೇಗೆ

ಕಳೆದ ವರ್ಷ ಮದುವೆ ಸೀಸನ್ನಲ್ಲಿ ನಮ್ಮಪ್ಪನ ವಾಟ್ಸಾಪಿಗೆ ಒಂದು ಲಗ್ನಪತ್ರಿಕೆ ಬಂತು. ಕಳಿಸಿದ್ದು ಯಾರೋ ಗುರುತಿಲ್ಲದವರಲ್ಲ, ಅಪ್ಪನ ಜೊತೆ ತಿಪಟೂರು ಎಪಿಎಂಸಿಗೆ ಕೊಬ್ಬರಿ ತಗೊಂಡು ಹೋಗೋ ಸ್ನೇಹಿತರ ನಂಬರಿಂದಾನೇ ಬಂದಿತ್ತು, ಯಾಕಂದ್ರೆ ಅವ್ರು ಎರಡು ದಿನ ಮುಂಚೆ ಇದೇ ಪತ್ರಿಕೆ ಒತ್ತಿ ಅವ್ರ ವಾಟ್ಸಾಪೇ ಕಳ್ಳರ ಕೈಗೆ ಹೋಗಿತ್ತು. ಅಪ್ಪ ಒತ್ತಿದ್ರು. ಪತ್ರಿಕೆ ತೆರ್ಕೊಳ್ಲಿಲ್ಲ, ಏನೋ ಇನ್‌ಸ್ಟಾಲ್ ಮಾಡ್ಲಾ ಅಂತ ಕೇಳ್ತು, ಅದಕ್ಕೆ ಹೂಂ ಅಂದ್ರು, ಆಮೇಲೆ ಎಸ್ಸೆಮ್ಮೆಸ್ ಓದೋಕೆ ಪರ್ಮಿಶನ್ ಕೇಳ್ತು, ಅದಕ್ಕೂ ಹೂಂ. ರಾತ್ರಿ ಹನ್ನೊಂದರ ಮೇಲೆ ಮೂರು ಸಲ ಸೇರಿ 18,500 ರೂಪಾಯಿ ಹೋಯ್ತು.

ನಂಗೆ ಗೊತ್ತಾಗಿದ್ದು ನಾಲ್ಕು ದಿನ ಆದ್ಮೇಲೆ, ಅದೂ ಅಮ್ಮನಿಂದ. "ನಿಂಗೆ ಹೇಳಿದ್ರೆ ಬೈತೀಯ ಅಂತ ಹೇಳ್ಬೇಡ ಅಂದಿದ್ರು ಕಣೇ" ಅಂದ್ಲು. ಹೌದು, ಬೈದಿದ್ದೆ. ಅದಕ್ಕೂ ಮುಂಚೆ ಒಂದ್ಸಲ ಯಾವ್ದೋ ಫ್ರೀ ರೀಚಾರ್ಜ್ ಲಿಂಕನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು ಅಂತ ಫೋನಲ್ಲೇ "ಅಷ್ಟೂ ತಿಳಿಯಲ್ವಾ ನಿಮ್ಗೆ" ಅಂತ ಕೂಗಾಡಿದ್ದೆ. ಈ ಥರ ಕೇಸಲ್ಲಿ ಮೊದಲ ಒಂದೆರಡು ಗಂಟೇನಲ್ಲಿ ದೂರು ಕೊಟ್ರೆ ದುಡ್ಡು ತಡೆಯೋ ಚಾನ್ಸ್ ಇರತ್ತೆ, ನಾವು ನಾಲ್ಕು ದಿನ ಬಿಟ್ಟು ಹೋದ್ವಿ, ಅಷ್ಟ್ರಲ್ಲಿ ಅದು ಎಷ್ಟು ಅಕೌಂಟ್ ದಾಟಿತ್ತೋ.

ಅದಕ್ಕೇ ಮನೆಯವರಿಗೆಲ್ಲ ಇಂಟರ್ನೆಟ್ ಸೇಫ್ಟಿ ಹೇಳ್ಕೊಡ್ಬೇಕು ಅಂತ ಯಾರಾದ್ರೂ ಹೊರಟ್ರೆ ಸೆಟ್ಟಿಂಗ್ಸ್ ಎಲ್ಲ ಆಮೇಲೆ, ಮೊದ್ಲು ಒಂದು ಒಪ್ಪಂದ ಮಾಡ್ಕೊಳ್ಳಿ ಅಂತೀನಿ: ಏನೇ ತಪ್ಪು ಒತ್ತಿದ್ರೂ, ಎಷ್ಟೇ ದುಡ್ಡು ಹೋದ್ರೂ, ಯಾರೂ ಯಾರಿಗೂ ಬೈಯಂಗಿಲ್ಲ, ಆದ್ರೆ ತಕ್ಷಣ ಹೇಳ್ಬೇಕು. ಇದನ್ನ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ನಾನು ಊರಿಗೆ ಹೋದಾಗ ಊಟ ಆದ್ಮೇಲೆ ಜಗಲಿ ಮೇಲೆ ಕೂತು ಮೊದ್ಲು ನನ್ನ ಕಥೆ ಹೇಳ್ದೆ, ಆನ್‌ಲೈನಲ್ಲಿ ಸೀರೆ ನೋಡಿ 1,900 ಕಟ್ಟಿ ಸೀರೇನೂ ಇಲ್ಲ ಪೇಜೂ ಇಲ್ಲ ಅಂತಾಗಿದ್ದು, ಅದನ್ನ ನಮ್ಮನೆಯವರಿಗೂ ಹೇಳಿರ್ಲಿಲ್ಲ. ಅಪ್ಪ ನಕ್ಬಿಟ್ರು. ಆಮೇಲೇ ಅವ್ರು ತಮ್ಮ ಫೋನ್ ನನ್ನ ಕೈಗೆ ಕೊಟ್ಟಿದ್ದು.

ಇನ್ನು ಕೆಲಸ. ಒಂದು ಮಾತು, ಅವ್ರ ಫೋನ್ ಕಿತ್ಕೊಂಡು ಟಕಟಕ ಅಂತ ನೀವೇ ಎಲ್ಲಾ ಒತ್ತಿ ವಾಪಸ್ ಕೊಡ್ಬೇಡಿ. ಫೋನ್ ಅವ್ರ ಕೈಲೇ ಇರ್ಲಿ, ಅವ್ರ ಬೆರಳೇ ಒತ್ಲಿ, ನಿಧಾನ ಆದ್ರೂ ಪರವಾಗಿಲ್ಲ.

ಎಪಿಕೆ ಬಾಗಿಲು ಮೊದ್ಲು ಮುಚ್ಚಿ. ಎಪಿಕೆ ಅಂದ್ರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಆ್ಯಪ್ ಹಾಕೋ ಫೈಲು, ಅಪ್ಪ ಒತ್ತಿದ್ದೂ ಅದನ್ನೇ. ಫೋನ್ ಸೆಟ್ಟಿಂಗ್ಸ್ ತೆಗೆದು ಮೇಲಿನ ಸರ್ಚಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ (ಒಂದೊಂದು ಕಂಪನಿ ಫೋನಲ್ಲಿ ಒಂದೊಂದು ಕಡೆ ಇಟ್ಟಿರ್ತಾರೆ, ಹುಡುಕೋದೇ ಸುಲಭ). ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ ಎಲ್ಲದಕ್ಕೂ ಆಫ್ ಇರ್ಬೇಕು. ಪ್ಲೇ ಸ್ಟೋರಲ್ಲಿ ಪ್ರೊಫೈಲ್ ಫೋಟೋ ಒತ್ತಿ ಪ್ಲೇ ಪ್ರೊಟೆಕ್ಟ್ (ಕೆಟ್ಟ ಆ್ಯಪ್ ಇದೆಯಾ ಅಂತ ಫೋನೇ ನೋಡ್ಕೊಳ್ಳೋ ವ್ಯವಸ್ಥೆ) ಆನ್ ಇದೆಯಾ ನೋಡಿ. ಅಪ್ಪ ಅಮ್ಮನಿಗೆ ಹೇಳ್ಬೇಕಾದ್ದು ಇಷ್ಟೇ: ಲಗ್ನಪತ್ರಿಕೆ ಅಂದ್ರೆ ಫೋಟೋ ಇರತ್ತೆ, ಇಲ್ಲ ಪಿಡಿಎಫ್ ಇರತ್ತೆ, ವಿಡಿಯೋ ಇರತ್ತೆ. ಹೆಸರಿನ ಕೊನೇಲಿ ಎಪಿಕೆ ಅಂತ ಇದ್ರೆ ಅದು ಪತ್ರಿಕೆ ಅಲ್ಲ, ಟ್ರಾಫಿಕ್ ಚಲನ್ನೂ ಅಲ್ಲ, ಪಿಎಂ ಕಿಸಾನ್ ದುಡ್ಡೂ ಅಲ್ಲ, ಕಳಿಸಿದ್ದು ಸ್ವಂತ ಅಣ್ಣನೇ ಆದ್ರೂ ಮುಟ್ಬಾರ್ದು, ಅಣ್ಣನಿಗೆ ಫೋನ್ ಮಾಡಿ ಕೇಳ್ಬೇಕು.

ಆಮೇಲೆ ವಾಟ್ಸಾಪ್. ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್, ಅಲ್ಲಿ ಆರು ಅಂಕೆ ಪಿನ್ ಇಡಿ. ಅಪ್ಪ ತಮ್ಮ ಜನ್ಮದಿನಾಂಕ ಇಡ್ತೀನಿ ಅಂದ್ರು, ಬೇಡ ಅಂದೆ, ಕೊನೆಗೆ ತೋಟದ ಸರ್ವೆ ನಂಬರಿಗೆ ಏನೇನೋ ಸೇರಿಸಿ ಇಟ್ಕೊಂಡಿದಾರೆ, ನಂಗೂ ಹೇಳಿಲ್ಲ, ಒಳ್ಳೇದೇ. ಪ್ರೈವೆಸಿ ಒಳಗೆ ಗ್ರೂಪ್ಸ್‌ನಲ್ಲಿ "ಮೈ ಕಾಂಟ್ಯಾಕ್ಟ್ಸ್" ಅಂತ ಮಾಡಿದ್ರೆ ಷೇರು ಟ್ರೇಡಿಂಗ್ ಗ್ರೂಪಿಗೆಲ್ಲ ಯಾರ್ಯಾರೋ ಸೇರಿಸೋದು ನಿಲ್ಲತ್ತೆ. ಅಲ್ಲೇ ಕಾಲ್ಸ್ ಅಂತಿದೆ, "ಸೈಲೆನ್ಸ್ ಅನ್‌ನೋನ್ ಕಾಲರ್ಸ್" ಆನ್ ಮಾಡಿ, ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋ ಕಾಲ್ ಮಾಡೋರ ಅರ್ಧ ಕಾಟ ಅಲ್ಲಿಗೆ ತಪ್ಪತ್ತೆ. ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ರೆ ಲಾಗೌಟ್. ಯಾರಾದ್ರೂ "ಸ್ಟಾರ್ 401 ಸ್ಟಾರ್ ಹಾಕಿ ಈ ನಂಬರ್ ಡಯಲ್ ಮಾಡಿ, ಪಾರ್ಸೆಲ್ ಬಂದಿದೆ" ಅಂದ್ರೆ ಅದು ನಿಮಗೆ ಬರೋ ಫೋನ್ ಕಾಲನ್ನೆಲ್ಲ ಅವ್ರ ಫೋನಿಗೆ ತಿರುಗಿಸೋ ಕೋಡು. ಹಾಗೆ ಮಾಡ್ಬಿಟ್ಟಿದ್ರೆ ##002# ಡಯಲ್ ಮಾಡಿ, ಎಲ್ಲಾ ಫಾರ್ವರ್ಡಿಂಗ್ ಹೋಗತ್ತೆ.

ದುಡ್ಡಿನ ವಿಷಯ. ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡ್ತೀರಿ ಅಂದ್ರೆ ಇದನ್ನ ಮಾಡಿ: ಯುಪಿಐಗೆ ಬೇರೆ ಅಕೌಂಟ್. ಅಪ್ಪಂಗೆ ಕೊಬ್ಬರಿ ದುಡ್ಡು ಬೀಳೋ ಅಕೌಂಟೇ ಫೋನಿಗೂ ಲಿಂಕ್ ಆಗಿತ್ತು. ಈಗ ಬೇರೆ ಬ್ಯಾಂಕಲ್ಲಿ ಒಂದು ಸಣ್ಣ ಉಳಿತಾಯ ಖಾತೆ ತೆಗೆಸಿ ಅದಕ್ಕೆ ಮಾತ್ರ ಯುಪಿಐ ಇಟ್ಟಿದೀವಿ, ಅದ್ರಲ್ಲಿ ಐದು ಸಾವಿರ ಮೇಲೆ ಇರಲ್ಲ, ಖಾಲಿ ಆದ್ರೆ ಬ್ಯಾಂಕಿಗೆ ಹೋಗಿ ಹಾಕಿಸ್ಕೊಂಡು ಬರ್ತಾರೆ. ದೊಡ್ಡ ಅಕೌಂಟಿಗೆ ಫೋನೇ ಇಲ್ಲ, ಪಾಸ್‌ಬುಕ್ ಮಾತ್ರ. ಹಳೇ ಕಾಲದ್ದು ಅನ್ಸತ್ತೆ, ಆದ್ರೆ ಕಳ್ಳ ಒಳಗೆ ಬಂದ್ರೂ ಐದು ಸಾವಿರ ತಗೊಂಡು ಹೋಗ್ತಾನೆ, ಅಷ್ಟೇ. ಯುಪಿಐ ಪಿನ್ ಬಗ್ಗೆ ಅಮ್ಮಂಗೆ ಹೇಳಿದ್ದು ಹೀಗೆ, ಪಿನ್ ಅಂದ್ರೆ ಬೀರು ಕೀಲಿ, ಯಾರೋ ನಿಂಗೆ ದುಡ್ಡು ಕೊಡೋಕೆ ಬಂದ್ರೆ ನೀನು ಬೀರು ಯಾಕೆ ತೆಗೀತೀಯ? ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನೂ ಬೇಕಾಗಿಲ್ಲ. ಅದು ಅವಳಿಗೆ ಒಂದೇ ಸಲಕ್ಕೆ ಹಿಡಿಸ್ತು.

ಡಿಜಿಟಲ್ ಅರೆಸ್ಟ್, ಅಂದ್ರೆ ಪೊಲೀಸ್ ಅಂತ ವಿಡಿಯೋ ಕಾಲಲ್ಲೇ ಹೆದರಿಸಿ ಕೂರಿಸಿ ದುಡ್ಡು ಕೀಳೋದು, ಇದ್ರ ಬಗ್ಗೆ ಹೆಚ್ಚು ಹೇಳೋದು ಬೇಡ, 2024ರ ಅಕ್ಟೋಬರಲ್ಲಿ ಪ್ರಧಾನಿನೇ ಮನ್ ಕಿ ಬಾತಲ್ಲಿ ಹಾಗಂತ ಕಾನೂನಲ್ಲಿ ಏನೂ ಇಲ್ಲ ಅಂತ ಹೇಳಿದಾರೆ. ಆದ್ರೂ ಓದಿದೋರೇ ಬೀಳ್ತಾರೆ, ಯಾಕಂದ್ರೆ ಆ ಕಡೆಯವನು ಮೊದ್ಲು ಹೇಳೋದೇ "ಮನೇಲಿ ಯಾರಿಗೂ ಹೇಳ್ಬೇಡಿ, ಫೋನ್ ಕಟ್ ಮಾಡ್ಬೇಡಿ" ಅಂತ. ಹಾಗಂದ ಕೂಡ್ಲೆ ಕಟ್ ಮಾಡೋದು, ಮನೇಲಿ ಹೇಳೋದು, ಅಷ್ಟೇ ಪಾಠ. ಇನ್ನೊಂದು, ಈಗ ಎಐ ಇಟ್ಕೊಂಡು ಮಗನ ಧ್ವನೀಲೇ "ಅಪ್ಪಾ ಆಕ್ಸಿಡೆಂಟ್ ಆಗಿದೆ" ಅಂತ ಅಳೋ ಹಾಗೆ ಕೇಳಿಸ್ತಾರೆ. ಅದಕ್ಕೆ ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಇಟ್ಕೊಳ್ಳಿ. ನಮ್ದು ನಾನು ಚಿಕ್ಕೋಳಿದ್ದಾಗ ಇದ್ದ ಹಸು ಹೆಸರು ಕೇಳೋದಾಗಿತ್ತು, ಇಲ್ಲಿ ಬರೆದ್ಬಿಟ್ನಲ್ಲ, ಈಗ ಬದಲಾಯಿಸ್ಬೇಕು.

ಇಷ್ಟೆಲ್ಲಾ ಮಾಡಿದ್ಮೇಲೂ ದುಡ್ಡು ಹೋದ್ರೆ? ಫೋನಿಗೆ ಏನೋ ಇನ್‌ಸ್ಟಾಲ್ ಆಗಿದೆ ಅನ್ಸಿದ್ರೆ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈನೂ ಆಫ್, ಬೇರೆ ಫೋನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಅಕೌಂಟ್ ನಂಬರ್, ಎಷ್ಟು ದುಡ್ಡು, ಎಷ್ಟು ಗಂಟೆಗೆ, ಟ್ರಾನ್ಸಾಕ್ಷನ್ ನಂಬರ್, ಇವು ಕೈಲಿರ್ಲಿ. ಅವ್ರು ಬ್ಯಾಂಕುಗಳಿಗೆ ತಿಳಿಸಿ ದುಡ್ಡು ಯಾವ ಅಕೌಂಟಲ್ಲಿ ನಿಂತಿದೆಯೋ ಅಲ್ಲೇ ತಡೆ ಹಿಡಿಸೋಕೆ ನೋಡ್ತಾರೆ, ಅದಕ್ಕೇ ಗಂಟೆ ಲೆಕ್ಕ ಮುಖ್ಯ. ಲೈನ್ ಬಿಜಿ ಬರ್ತಿದ್ರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲಲ್ಲಿ ಹಾಕಿ. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲೇ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡೋ) ಪೊಲೀಸ್ ಠಾಣೆ ಇದೆ, ಬೆಂಗಳೂರಿಗೆ ಬರ್ಬೇಕಾಗಿಲ್ಲ. ಜೊತೇಲೇ ಬ್ಯಾಂಕಿಗೂ ತಿಳಿಸಿ ದೂರಿನ ನಂಬರ್ ಇಸ್ಕೊಳ್ಳಿ. ಇದ್ಯಾಕೆ ಅಂದ್ರೆ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ ನಮ್ಮ ತಪ್ಪಿಂದಾನೇ ಹೋಗಿದ್ರೂ ನಾವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿನದ್ದು, ನಮ್ಮದಲ್ಲ. ಈ ಮಾತು ಕೌಂಟರಲ್ಲಿ ಅವ್ರಾಗೇ ಹೇಳ್ತಾರೆ ಅಂತ ಕಾಯ್ಬೇಡಿ. ಅಮ್ಮ 1930 ಅಂತ ಗೋಡೆ ಕ್ಯಾಲೆಂಡರ್ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿದ್ಲು, ಹೊಸ ವರ್ಷಕ್ಕೆ ಕ್ಯಾಲೆಂಡರ್ ಬದಲಾದಾಗ ಅಪ್ಪ ಅಷ್ಟನ್ನೇ ಕತ್ತರಿಸಿ ಅನ್ನದ ಅಗುಳಲ್ಲಿ ಹೊಸದಕ್ಕೆ ಅಂಟಿಸಿದಾರೆ.

ಫ್ಯಾಮಿಲಿ ಗ್ರೂಪಿನ ಫಾರ್ವರ್ಡುಗಳು. ನಗು ಬರತ್ತೆ, ಆದ್ರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹರಡಿದ ಸುಳ್ಳಿಗೆ ಹೈದರಾಬಾದಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನ ಜನ ಹೊಡೆದು ಕೊಂದ್ರು, ಆಗಿದ್ದಿಷ್ಟೇ, ಅವ್ರ ಜೊತೆಗಿದ್ದ ಸ್ನೇಹಿತರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ರು. ಅದೇ ವರ್ಷ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನ ಐದು ಚಾಟಿಗೆ ಇಳಿಸ್ತು. ಈಗ ಎರಡು ಬಾಣದ ಗುರುತಿರೋ ಮೆಸೇಜು, ಅಂದ್ರೆ ಸಿಕ್ಕಾಪಟ್ಟೆ ಕೈ ದಾಟಿ ಬಂದಿದ್ದು, ಒಂದ್ಸಲಕ್ಕೆ ಒಂದೇ ಚಾಟಿಗೆ ಹೋಗತ್ತೆ. ಮನೆಯವರಿಗೆ ಆ ಎರಡು ಬಾಣ ತೋರಿಸಿ. ಇನ್ನೊಂದು, ನಮ್ಮ ಚಿಕ್ಕಪ್ಪ ದಿನಾ ಬೆಳಗ್ಗೆ ಒಂದು ಕ್ಯಾನ್ಸರ್ ಔಷಧಿ ಹಾಕ್ತಾರೆ, ಅವ್ರಿಗೆ ಗ್ರೂಪಲ್ಲೇ "ಇದು ಸುಳ್ಳು" ಅಂತ ಹಾಕಿದ್ರೆ ಇಪ್ಪತ್ತೆಂಟು ಜನರ ಮುಂದೆ ಮರ್ಯಾದೆ ಹೋದಂಗಾಗತ್ತೆ, ಮಾರನೇ ದಿನ ಎರಡು ಹಾಕ್ತಾರೆ. ಪ್ರೈವೇಟಾಗಿ ಒಂದು ವಾಯ್ಸ್ ಮೆಸೇಜ್ ಕಳ್ಸಿ, "ಚಿಕ್ಕಪ್ಪ ಊಟ ಆಯ್ತಾ" ಇಂದ ಶುರು ಮಾಡಿ. ಎರಡರಲ್ಲಿ ಒಂದ್ಸಲ ಅವ್ರೇ ಡಿಲೀಟ್ ಮಾಡ್ತಾರೆ.

ಧರ್ಮಸ್ಥಳಕ್ಕೆ ಹೊರಟ್ವಿ ಅಂತ ಬೀಗ ಹಾಕಿದ ಮನೆ ಮುಂದೆ ನಿಂತು ಸ್ಟೇಟಸ್ ಹಾಕೋದು, ಆಧಾರ್ ಫೋಟೋನ ಗ್ರೂಪಿಗೆ ಹಾಕಿ "ಪ್ರಿಂಟ್ ತೆಗೆಸ್ಕೊಡಪ್ಪ" ಅನ್ನೋದು, ಇವೆಲ್ಲ ನಿಮಗೇ ಗೊತ್ತು. ಫೋಟೋ ವಾಪಸ್ ಬಂದ್ಮೇಲೆ ಹಾಕಿದ್ರೂ ಲೈಕ್ ಅಷ್ಟೇ ಬರತ್ತೆ. ಆಧಾರ್ ಕೊಡ್ಲೇಬೇಕಾದ್ರೆ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ, ಕೊನೆ ನಾಲ್ಕು ಅಂಕೆ ಮಾತ್ರ ಕಾಣತ್ತೆ.

ಇನ್ನು ಮಕ್ಕಳು. ನಮ್ಮ ಮಗಳು ಏಳನೇ ಕ್ಲಾಸು, ಹೋಮ್‌ವರ್ಕ್ ಗ್ರೂಪಿನ ನೆಪದಲ್ಲಿ ನನ್ನ ಹಳೇ ಫೋನು ಅವಳದಾಗಿದೆ. ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿದೀವಿ: ನಿಮ್ಮ ಫೋನಲ್ಲಿ ಆ ಆ್ಯಪ್, ಮಗುಗೆ ನಿಜವಾದ ಹುಟ್ಟಿದ ವರ್ಷ ಹಾಕಿ ಒಂದು ಜಿಮೇಲ್, ಎರಡನ್ನೂ ಸೇರಿಸಿದ್ರೆ ಹೊಸ ಆ್ಯಪ್ ಹಾಕೋಕೆ ನಿಮ್ಮ ಒಪ್ಪಿಗೆ ಕೇಳತ್ತೆ, ದಿನಕ್ಕೆ ಎಷ್ಟು ಹೊತ್ತು ಅಂತ ಇಡ್ಬಹುದು, ಮಲಗೋ ಟೈಮಿಗೆ ಲಾಕ್ ಆಗತ್ತೆ. ಇದನ್ನ ಕದ್ದು ಹಾಕ್ಬೇಡಿ, ಕೂರಿಸ್ಕೊಂಡು ತೋರಿಸಿ ಹಾಕಿ, ಇಲ್ದಿದ್ರೆ ಅವ್ರು ಇನ್ನೊಬ್ಬರ ಫೋನಲ್ಲಿ ನೋಡ್ತಾರೆ. ಇನ್‌ಸ್ಟಾಗ್ರಾಂಗೆ ಹದಿಮೂರು ವರ್ಷ ಆಗಿರ್ಬೇಕು. ನಮ್ಮಲ್ಲಿ 2025ರಿಂದ ಟೀನ್ ಅಕೌಂಟ್ ಬಂದಿದೆ, ಅಕೌಂಟ್ ತಾನಾಗೇ ಪ್ರೈವೇಟ್ ಇರತ್ತೆ, ಹದಿನಾರರ ಒಳಗಿನವರು ಅದನ್ನ ಸಡಿಲ ಮಾಡೋಕೆ ಅಪ್ಪ ಅಮ್ಮ ಒಪ್ಬೇಕು. ಆದ್ರೆ ಇದೆಲ್ಲ ನಡೆಯೋದು ವಯಸ್ಸು ನಿಜ ಹಾಕಿದ್ರೆ ಮಾತ್ರ, ಎಷ್ಟೋ ಮನೇಲಿ ಸುಳ್ಳು ವರ್ಷ ಹಾಕ್ಕೊಡೋದು ಅಪ್ಪ ಅಮ್ಮಾನೇ.

ಬೈಯಲ್ಲ ಅನ್ನೋ ಒಪ್ಪಂದ ಎಲ್ಲಕ್ಕಿಂತ ಜಾಸ್ತಿ ಬೇಕಾಗೋದು ಇಲ್ಲೇ. ಯಾರಾದ್ರೂ ಮಗುವಿನ ಫೋಟೋ ಇಟ್ಕೊಂಡು, ಎಡಿಟ್ ಮಾಡಿ ಹೆದರಿಸಿದ್ರೆ ಆ ಮಗು ಮೊದ್ಲು ಯೋಚ್ನೆ ಮಾಡೋದು "ಮನೇಲಿ ಫೋನ್ ಕಿತ್ಕೋತಾರೆ, ಹೊಡೀತಾರೆ" ಅಂತ. ಅದಕ್ಕೇ ಮುಂಚೇನೇ ಹೇಳಿಡಿ, ಫೋನ್ ಕಿತ್ಕೊಳ್ಳಲ್ಲ ಅಂತ. ಹಾಗೇನಾದ್ರೂ ಆದ್ರೆ ದುಡ್ಡು ಕೊಡ್ಬೇಡಿ, ಒಂದ್ಸಲ ಕೊಟ್ರೆ ಮತ್ತೆ ಕೇಳ್ತಾರೆ. ಚಾಟ್ ಡಿಲೀಟ್ ಮಾಡ್ಬೇಡಿ, ಅದೇ ಸಾಕ್ಷಿ, ಅವ್ನ ಪ್ರೊಫೈಲು ನಂಬರ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಮೇಲೆ ಹೇಳಿದ ಅದೇ ಸೈಬರ್ ಕ್ರೈಮ್ ಪೋರ್ಟಲಲ್ಲಿ ಹೆಂಗಸರು ಮಕ್ಕಳಿಗೆ ಬೇರೆ ವಿಭಾಗ ಇದೆ, ಹೆಸರು ಹೇಳದೇನೂ ದೂರು ಕೊಡ್ಬಹುದು. ಮಕ್ಕಳ ಸಹಾಯವಾಣಿ 1098, ಇದನ್ನ ಮಗು ತಾನೇ ಡಯಲ್ ಮಾಡ್ಬಹುದು.

ರಾತ್ರಿ ಒಂಬತ್ತೂವರೆಗೆ ಎಲ್ಲಾರ ಫೋನೂ ಹಾಲಲ್ಲಿ ಟಿವಿ ಪಕ್ಕದ ಚಾರ್ಜಿಂಗ್ ಬೋರ್ಡಿಗೆ, ರೂಮಿಗೆ ತರಂಗಿಲ್ಲ. ಇದು ಮಗಳಿಗೆ ಅಂತ ಮಾಡಿದ ರೂಲು. ಮೊದಲ ವಾರ ಎರಡು ಸಲ ಮುರಿದಿದ್ದು ನಾನು, ಮೂರು ಸಲ ನಮ್ಮನೆಯವರು, ಅವಳು ಒಂದ್ಸಲಾನೂ ಇಲ್ಲ, ಕ್ಯಾಲೆಂಡರಲ್ಲಿ ಗೀಟು ಹಾಕಿಟ್ಟಿದಾಳೆ. ನಮ್ಮನೆಯವರು ಆಫೀಸ್ ಕೆಲಸ ಅಂತಾರೆ, ಅವಳು "ಅಪ್ಪಾ, ರೀಲ್ಸ್ ಸೌಂಡ್ ಬರ್ತಿತ್ತು" ಅಂತಾಳೆ, ಬೈಯಂಗಿಲ್ವಲ್ಲ, ಇಬ್ಬರೂ ಸುಮ್ನೆ ಎದ್ದು ಹೋಗಿ ಇಟ್ಟು ಬರ್ತೀವಿ.