ಲಾಭ ಇದೆ, ಕೈಲಿ ದುಡ್ಡಿಲ್ಲ: ಸಣ್ಣ ಪ್ರೆಸ್ ನಡೆಸುವಾಗ ನಾನು ಪಾಲಿಸುವ ಲೆಕ್ಕ

ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಬಿಲ್ ಬುಕ್, ಲೇಬಲ್, ಕರಪತ್ರ, ಚಿಕ್ಕ ಪುಸ್ತಕ, ಇಂಥವೇ ಕೆಲಸ. ಮಿಷನ್ ಎರಡು, ಕೆಲಸದವರು ಬೆರಳಲ್ಲಿ ಎಣಿಸುವಷ್ಟು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಬಂದರೆ ಮೊದಲು ಕೇಳುವುದು, 'ಗಿರಾಕಿ ಹೇಗೆ ಸಿಗ್ತಾರೆ?' ನಾನು ತಿರುಗಿಸಿ ಕೇಳುತ್ತೇನೆ: 'ಕೆಲಸ ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕಿದ್ದೀರಾ?' ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ.

ಗಿರಾಕಿ ಸಿಗುವುದು ಕಷ್ಟವೇ, ಇಲ್ಲ ಅನ್ನುವುದಿಲ್ಲ. ಆದರೆ ಕೈತುಂಬ ಕೆಲಸ ಇದ್ದೂ ಬಾಗಿಲು ಹಾಕಿದ ವ್ಯಾಪಾರಗಳನ್ನು ನಾನು ನೋಡಿದ್ದೇನೆ. ಬಿಲ್ ಬರೆದ ದಿನವೇ ಪುಸ್ತಕದಲ್ಲಿ ಲಾಭ ಕಾಣುತ್ತದೆ. ದುಡ್ಡು ಬರುವುದು ಯಾವಾಗಲೋ. ಸಂಬಳ, ಬಾಡಿಗೆ, ಕರೆಂಟ್ ಬಿಲ್ ಮಾತ್ರ ತಾರೀಖಿಗೆ ಸರಿಯಾಗಿ ಬಂದು ನಿಲ್ಲುತ್ತವೆ.

ಒಂದು ಉದಾಹರಣೆ ತಗೊಳ್ಳಿ. ತಂದ ಪೇಪರ್ ಬಳಕೆಯಾಗಿ ಮಾಲು ಹೊರಗೆ ಹೋಗಲು ಸರಾಸರಿ 30 ದಿನ. ಗಿರಾಕಿ ಬಿಲ್ ಕಟ್ಟಲು 45 ದಿನ. ಒಟ್ಟು 75. ಪೇಪರ್ ಕೊಟ್ಟವರು ನಮಗೆ 30 ದಿನದ ಉದ್ರಿ ಕೊಟ್ಟಿದ್ದರೆ ಅದನ್ನು ಕಳೆಯಿರಿ. ಉಳಿಯುವುದು 45. ಅಂದರೆ ಅಷ್ಟು ದಿನದ ವ್ಯಾಪಾರಕ್ಕೆ ಬೇಕಾದ ದುಡ್ಡನ್ನು ಯಾವಾಗಲೂ ನಮ್ಮ ಕೈಯಿಂದಲೇ ಹಾಕಿರಬೇಕು. ವ್ಯಾಪಾರ ಎರಡು ಪಟ್ಟಾದರೆ ಹೀಗೆ ಸಿಕ್ಕಿಕೊಂಡ ದುಡ್ಡೂ ಹೆಚ್ಚುಕಮ್ಮಿ ಎರಡು ಪಟ್ಟು. ದೊಡ್ಡ ಆರ್ಡರ್ ಬಂದ ತಿಂಗಳೇ ಬ್ಯಾಂಕ್ ಖಾತೆ ಬರಿದಾಗುವುದು ಇದಕ್ಕೇ. ಹೊರಗಿನವರಿಗೆ ಇದು ವಿಚಿತ್ರ ಅನಿಸುತ್ತದೆ. 'ಇಷ್ಟು ಕೆಲಸ ಇದೆ, ದುಡ್ಡಿಲ್ಲ ಅಂತೀರಲ್ಲ' ಅನ್ನುತ್ತಾರೆ.

ಹಾಗಾಗಿ ವಾರಕ್ಕೊಮ್ಮೆ, ಬೆಳಗ್ಗೆ ಮಿಷನ್ ಶುರುವಾಗುವ ಮುಂಚೆ, ಒಂದು ಹಾಳೆ ಹಿಡಿದು ಕೂರುತ್ತೇನೆ. ಅದರಲ್ಲಿ ಮುಂದಿನ 13 ವಾರಗಳ ಕಾಲಂ ಇರುತ್ತದೆ, ಅಂದರೆ ಮೂರು ತಿಂಗಳು. ಪ್ರತಿ ವಾರದ ಕೆಳಗೆ ಮೂರು ಸಾಲು: ಬರುವುದು, ಹೋಗುವುದು, ಉಳಿಯುವುದು. 'ಬರುವುದು' ಸಾಲಿನಲ್ಲಿ ಬಿಲ್ಲಿನ ಗಡುವಿನ ತಾರೀಖು ಬರೆಯುವುದಿಲ್ಲ. ಆ ಗಿರಾಕಿ ನಿಜವಾಗಿ ಯಾವಾಗ ಕಟ್ಟುತ್ತಾರೋ ಆ ವಾರಕ್ಕೆ ಬರೆಯುತ್ತೇನೆ. 30 ದಿನ ಅಂತ ಹೇಳಿ 50 ದಿನಕ್ಕೆ ಕಟ್ಟುವವರು ಮುಂದಿನ ಸಲವೂ 50 ದಿನಕ್ಕೇ ಕಟ್ಟುತ್ತಾರೆ. ಯಾವುದೋ ವಾರದಲ್ಲಿ ಉಳಿಕೆ ಸೊನ್ನೆಗಿಂತ ಕೆಳಗೆ ಹೋದರೆ ಎರಡು ತಿಂಗಳು ಮುಂಚೆಯೇ ಕಾಣುತ್ತದೆ. ಆಗ ಪೇಪರ್ ಖರೀದಿ ಮುಂದಕ್ಕೆ ಹಾಕಬಹುದು, ಬಾಕಿಗೆ ಫೋನ್ ಮಾಡಬಹುದು, ಬ್ಯಾಂಕಿನವರ ಹತ್ತಿರ ಸಮಾಧಾನವಾಗಿ ಕೂತು ಮಾತಾಡಬಹುದು. ಸಂಬಳದ ಹಿಂದಿನ ದಿನ ಗೊತ್ತಾದರೆ ಸಿಕ್ಕಿದ ಬಡ್ಡಿಗೆ ಸಾಲ ತರುವುದೊಂದೇ ದಾರಿ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಎಕ್ಸೆಲ್ ಸಾಕು, ಗೆರೆ ಎಳೆದ ನೋಟ್‌ಬುಕ್ ಆದರೂ ನಡೆಯುತ್ತದೆ. ಬೇಕಾಗಿರುವುದು ಪ್ರತಿ ವಾರ ಕೂರುವ ಹಟ.

ಬಾಕಿ ವಸೂಲಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆಚ್ಚಿನವರಿಗೆ ಇದು ಸಂಕೋಚದ ಕೆಲಸ. ದುಡ್ಡು ಕೇಳಿದರೆ ಗಿರಾಕಿ ಬೇಜಾರಾಗಿ ಹೋಗಿಬಿಡ್ತಾರೆ ಅನ್ನುವ ಭಯ. ನಾನು ಇದನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಮುಗಿಸುತ್ತೇನೆ. ಕೊಟೇಶನ್‌ನಲ್ಲೇ ಬರೆದಿರುತ್ತದೆ: ಅರ್ಧ ಅಡ್ವಾನ್ಸ್, ಉಳಿದದ್ದು ಇಷ್ಟು ದಿನದೊಳಗೆ, ಈ ದರ ಇಂಥ ತಾರೀಖಿನವರೆಗೆ ಮಾತ್ರ. ಅಡ್ವಾನ್ಸ್‌ನಿಂದ ಪೇಪರ್ ಖರ್ಚು ನೀಗುತ್ತದೆ, ಮೇಲೆ ಹೇಳಿದ ಆ 45 ದಿನದ ಹೊರೆಯೂ ಇಳಿಯುತ್ತದೆ. ಮಾಲು ಹೋದ ದಿನವೇ ಬಿಲ್ ಹೋಗುತ್ತದೆ. ತಿಂಗಳ ಕೊನೆಗೆ ಒಟ್ಟಿಗೆ ಬಿಲ್ ಮಾಡುವವರು ಸುಮ್ನೆ ಅಷ್ಟು ದಿನದ ಉದ್ರಿಯನ್ನು ಬಿಟ್ಟಿ ಕೊಟ್ಟಂತೆ.

ಗಡುವಿಗೆ ಮೂರು ನಾಲ್ಕು ದಿನ ಮುಂಚೆ ಒಂದು ಫೋನ್. 'ಸರ್, ಬಿಲ್ ಬಂದು ಸೇರಿದೆ ಅಲ್ವಾ? ಅದರಲ್ಲಿ ಏನಾದರೂ ಸರಿ ಮಾಡಬೇಕಾ?' ಅಷ್ಟೇ. ದುಡ್ಡಿನ ಮಾತು ಎತ್ತುವುದೇ ಇಲ್ಲ. ಎಷ್ಟೋ ಸಲ ಬಿಲ್ ತಡವಾಗಲು ಕಾರಣ ದುಡ್ಡಿನ ತೊಂದರೆ ಆಗಿರುವುದಿಲ್ಲ. ಬಿಲ್ ಯಾರದೋ ಮೇಜಿನ ಮೇಲೆ ಬಿದ್ದಿರುತ್ತದೆ, ಇಲ್ಲವೇ ಆರ್ಡರ್ ನಂಬರ್ ಹಾಕಿಲ್ಲ ಅಂತ ಪಕ್ಕಕ್ಕೆ ಇಟ್ಟಿರುತ್ತಾರೆ. ಗಡುವು ದಾಟಿದರೆ ಮಾರನೇ ದಿನವೇ ಇನ್ನೊಂದು ಫೋನ್. ಈ ಸಲ ನೇರವಾಗಿ ತಾರೀಖು ಕೇಳುತ್ತೇನೆ. ಅವರು ಹೇಳಿದ ತಾರೀಖನ್ನು ಅವರ ಎದುರಿಗೇ ಬರೆದುಕೊಳ್ಳುತ್ತೇನೆ, ಫೋನಿನಲ್ಲಾದರೆ 'ಬರ್ಕೊಂಡೆ ಸರ್' ಅನ್ನುತ್ತೇನೆ. ಹಳೆ ಬಾಕಿ ತೀರುವವರೆಗೆ ಹೊಸ ಕೆಲಸ ಉದ್ರಿಯಲ್ಲಿ ಇಲ್ಲ. ಈ ನಿಯಮ ನೆಂಟರಿಗೂ ಒಂದೇ. ನೆಂಟರಿಗೆ ಇನ್ನೂ ಗಟ್ಟಿ ಅಂತಲೇ ಇಟ್ಟುಕೊಳ್ಳಿ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಾವು ಕೊಡಬೇಕಾದ ದುಡ್ಡನ್ನು ಹೇಳಿದ ದಿನಕ್ಕೆ ಕೊಡಬೇಕು. ಪೇಪರ್ ಕೊಡುವವರು ಕೆಲವೊಮ್ಮೆ 'ಮೂವತ್ತು ದಿನದ ಬದಲು ಹತ್ತು ದಿನಕ್ಕೆ ಕೊಟ್ಟರೆ ಎರಡು ಪರ್ಸೆಂಟ್ ಬಿಡ್ತೀನಿ' ಅನ್ನುತ್ತಾರೆ. ಎರಡೇ ತಾನೆ ಅನಿಸಬಹುದು. 20 ದಿನ ಮುಂಚೆ ಕೊಟ್ಟಿದ್ದಕ್ಕೆ ಅದು ಸಿಗುತ್ತಿದೆ. ವರ್ಷದ ಬಡ್ಡಿಯ ಲೆಕ್ಕದಲ್ಲಿ ನೋಡಿದರೆ ಸುಮಾರು 37 ಪರ್ಸೆಂಟ್ ಆಗುತ್ತದೆ. ಕೈಲಿ ದುಡ್ಡಿದ್ದರೆ ಅದನ್ನು ಬಿಡುವುದು ದಡ್ಡತನ.

ಇನ್ನು ದರ. ಇಲ್ಲಿ ನಾನು ಸ್ವಲ್ಪ ಮೊಂಡ.

ಒಂದು ಕೆಲಸಕ್ಕೆ 100 ತೆಗೆದುಕೊಳ್ಳುತ್ತೀರಿ, ಪೇಪರ್, ಇಂಕ್, ಪ್ಲೇಟ್ ಎಲ್ಲ ಸೇರಿ 70 ಖರ್ಚು ಅಂದುಕೊಳ್ಳಿ. ಉಳಿಯುವುದು 30. ಗಿರಾಕಿ ಹತ್ತು ಪರ್ಸೆಂಟ್ ಕಡಿಮೆ ಮಾಡಿ ಅನ್ನುತ್ತಾರೆ. 90ಕ್ಕೆ ಕೊಟ್ಟರೆ ಉಳಿಯುವುದು 20. ಮೊದಲಿನಷ್ಟೇ ದುಡ್ಡು ಉಳಿಯಬೇಕೆಂದರೆ ಒಂದೂವರೆ ಪಟ್ಟು ಕೆಲಸ ಮಾಡಬೇಕು. ಹತ್ತು ಬಿಟ್ಟಿದ್ದಕ್ಕೆ ಐವತ್ತು ಪರ್ಸೆಂಟ್ ಹೆಚ್ಚು ದುಡಿಮೆ! ಅದೇ ದರವನ್ನು ಹತ್ತು ಪರ್ಸೆಂಟ್ ಏರಿಸಿದರೆ ಉಳಿಯುವುದು 40. ಆಗ ಕಾಲು ಭಾಗ ಕೆಲಸ ತಪ್ಪಿ ಹೋದರೂ ಉಳಿಕೆ ಅಷ್ಟೇ ಇರುತ್ತದೆ, ಮಿಷನ್ ಸವೆತವೂ ಕಡಿಮೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಚೌಕಾಸಿ ನಡೆಯುವಾಗ ಕಣ್ಣು ಅಲ್ಲಿಗೆ ಹೋದರೆ ನಾಲಿಗೆ ಹಿಡಿತದಲ್ಲಿರುತ್ತದೆ.

ಕಡಿಮೆ ಮಾಡಲೇಬೇಕು ಅಂತ ಪಟ್ಟು ಹಿಡಿದರೆ ನಾನು ಕೆಲಸವನ್ನು ಕಡಿಮೆ ಮಾಡುತ್ತೇನೆ. 'ನಾಲ್ಕು ಕಲರ್ ಬದಲು ಎರಡು ಕಲರ್ ಮಾಡೋಣ, ಪೇಪರ್ ಸ್ವಲ್ಪ ತೆಳುವಾದದ್ದು ಹಾಕೋಣ, ಆಗ ನಿಮ್ಮ ರೇಟಿಗೆ ಬರುತ್ತೆ.' ಅದೇ ಮಾಲನ್ನು ಕಡಿಮೆಗೆ ಕೊಟ್ಟರೆ ಮುಂದಿನ ಸಲ ಅದೇ ಹೊಸ ದರ ಆಗಿಬಿಡುತ್ತದೆ. ಮೊದಲಿನದು ಮೋಸ ಅಂತಲೂ ಅವರಿಗೆ ಅನಿಸುತ್ತದೆ.

ಖರ್ಚಿನ ಮೇಲೆ ಮೂವತ್ತು ಪರ್ಸೆಂಟ್ ಸೇರಿಸಿದರೆ ಮೂವತ್ತು ಪರ್ಸೆಂಟ್ ಲಾಭ ಅಂತ ತಿಳಿದವರೂ ಇದ್ದಾರೆ. ಮಾರಿದ ಬೆಲೆಯಲ್ಲಿ ಅದು 23 ಮಾತ್ರ. ಬಾಡಿಗೆ, ಸಂಬಳ ಎಲ್ಲ ಮಾರಿದ ಬೆಲೆಯಿಂದಲೇ ಹೋಗಬೇಕಲ್ಲ. ಜೊತೆಗೆ ಮಾಲೀಕನ ಸಂಬಳವೂ ಖರ್ಚೇ. ನನ್ನ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕೋ ಅಷ್ಟನ್ನು ದರದಲ್ಲಿ ಸೇರಿಸುತ್ತೇನೆ, ತಿಂಗಳ ಒಂದೇ ತಾರೀಖಿಗೆ ಮನೆ ಖಾತೆಗೆ ಹಾಕುತ್ತೇನೆ. ಗಲ್ಲಾದಿಂದ ಕೈ ಹಾಕಿ ತೆಗೆಯುವ ಪದ್ಧತಿ ಇಲ್ಲ. ಮನೆಯ ಖಾತೆ ಬೇರೆ, ಪ್ರೆಸ್ಸಿನ ಖಾತೆ ಬೇರೆ. ತೆರಿಗೆಯದ್ದು ಮೂರನೇ ಖಾತೆ. ಬಿಲ್ ದುಡ್ಡು ಬಂದ ದಿನವೇ ಅದರಲ್ಲಿರುವ ತೆರಿಗೆ ಪಾಲನ್ನು ಅಲ್ಲಿಗೆ ತಳ್ಳುತ್ತೇನೆ. ಅದು ನಮ್ಮ ದುಡ್ಡಲ್ಲ, ನಮ್ಮ ಖಾತೆಯಲ್ಲಿ ಇದ್ದರೆ ನಮ್ಮದು ಅನಿಸುತ್ತದೆ ಅಷ್ಟೇ.

ಲೆಕ್ಕ ಬರೆಯುವ ಕ್ರಮದಲ್ಲಿ ನಾನೇನೂ ಹೊಸದು ಮಾಡಿಲ್ಲ. ಲೂಕಾ ಪಚೋಲಿ ಅನ್ನುವ ಇಟಲಿಯ ಗಣಿತ ಪಂಡಿತ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅಲ್ಲಿನ ವ್ಯಾಪಾರಿಗಳ ಪದ್ಧತಿಯನ್ನು ವಿವರಿಸಿದ್ದಾನೆ. ಮೊದಲು ಇರುವ ಆಸ್ತಿ, ಸಾಲ ಎಲ್ಲದರ ಪಟ್ಟಿ ಮಾಡು. ಆಮೇಲೆ ಮೂರು ಪುಸ್ತಕ ಇಡು: ನಡೆದದ್ದನ್ನು ಆಗಿಂದಾಗಲೇ ಗೀಚುವ ಕಚ್ಚಾ ಪುಸ್ತಕ, ಅದನ್ನು ಕ್ರಮವಾಗಿ ಬರೆಯುವ ದಿನವಹಿ, ಪ್ರತಿಯೊಬ್ಬರ ಖಾತೆ ಇರುವ ಲೆಡ್ಜರ್. ನಮ್ಮಲ್ಲಿ ಆ ಕಚ್ಚಾ ಪುಸ್ತಕ ಈಗಲೂ ಇದೆ, ಬಾಗಿಲ ಹತ್ತಿರ ದಾರ ಕಟ್ಟಿ ನೇತು ಹಾಕಿದ್ದೇವೆ. ಯಾರು ಏನು ತಂದರೂ, ಯಾರಿಗೆ ಏನು ಕೊಟ್ಟರೂ ಆ ಕ್ಷಣ ಅದರಲ್ಲಿ ಒಂದು ಗೆರೆ. ಮಿಷನ್ ಹುಡುಗನೂ ಬರೆಯುತ್ತಾನೆ. ಉಳಿದ ಎರಡು ಪುಸ್ತಕದ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಬರೆಯದೇ ಬಿಟ್ಟದ್ದನ್ನು ಮಾತ್ರ ಕಂಪ್ಯೂಟರ್ ಹುಡುಕಿ ಕೊಡುವುದಿಲ್ಲ.

ಸ್ಟಾಕಿಗೆ ಎರಡು ಕಟ್ಟಿನ ಪದ್ಧತಿ. ದಿನಾ ಬೇಕಾಗುವ ಪೇಪರ್ ಒಂದೊಂದರದ್ದೂ ಎರಡು ಕಟ್ಟು ಇರುತ್ತದೆ. ಮೊದಲನೆಯದು ಮುಗಿದು ಎರಡನೆಯದಕ್ಕೆ ಕೈ ಹಾಕಿದ ದಿನ, ಅದರ ಮೇಲಿರುವ ಚೀಟಿ ನನ್ನ ಮೇಜಿಗೆ ಬರುತ್ತದೆ. ಆರ್ಡರ್ ಹಾಕುತ್ತೇನೆ. ಹೊಸ ಮಾಲು ಬರುವವರೆಗೆ ಎರಡನೆಯದು ಸಾಕಾಗುವಷ್ಟು ದೊಡ್ಡದಿರಬೇಕು, ಅಷ್ಟೇ. ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಚೀಟಿಯ ಹಿಂದಿರುವುದೂ ಇದೇ ಯೋಚನೆ: ಬಳಕೆಯಾದಷ್ಟನ್ನೇ ತರಿಸು. ಅಪರೂಪಕ್ಕೆ ಬೇಕಾಗುವ ಪೇಪರ್ ಇಡುವುದೇ ಇಲ್ಲ, ಅಡ್ವಾನ್ಸ್ ಬಂದ ಮೇಲೆ ತರಿಸುತ್ತೇನೆ.

ಕೆಲಸದವರ ಬಗ್ಗೆ ಜಾಸ್ತಿ ಹೇಳಲಾರೆ, ಎಲ್ಲರ ಅನುಭವ ಬೇರೆ ಬೇರೆ. ಪ್ರೆಸ್ಸಿನಲ್ಲಿ ಒಂದು ನಿಯಮ ಮಾತ್ರ ಯಾರಿಗೂ ಸಡಿಲವಿಲ್ಲ: ಗಿರಾಕಿ ಪ್ರೂಫ್ ನೋಡಿ ಸಹಿ ಹಾಕದೆ ಮಿಷನ್ ಮೇಲೆ ಪ್ಲೇಟ್ ಏರುವಂತಿಲ್ಲ. 'ಅರ್ಜೆಂಟು, ನಂಬಿಕೆ ಇದೆ, ಹೊಡೀರಿ' ಅಂದರೂ ಇಲ್ಲ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಕಟ್ಟು ರದ್ದಿ. ಆಗ ಆ ಖರ್ಚು ಯಾರದ್ದು ಅಂತ ಜಗಳ. ಸಹಿ ಇದ್ದರೆ ಆ ಜಗಳ ಹುಟ್ಟುವುದೇ ಇಲ್ಲ. ನಿಯಮ ಗೋಡೆಯ ಮೇಲೆ ಬರೆದಿದೆ, ಹಾಗಾಗಿ ನಾನಿಲ್ಲದಾಗಲೂ ಹುಡುಗರು ಧೈರ್ಯವಾಗಿ ಇಲ್ಲ ಅನ್ನುತ್ತಾರೆ.

ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ನಿಲ್ಲುವುದು ನನಗೆ ಆಗದ ವಿಷಯ. ಒಟ್ಟು ವ್ಯಾಪಾರದ ಕಾಲು ಭಾಗಕ್ಕಿಂತ ಹೆಚ್ಚು ಒಬ್ಬರಿಂದ ಬರಲು ಶುರುವಾದರೆ ಆ ತಿಂಗಳಿಂದಲೇ ಬೇರೆ ಕಡೆ ಕೆಲಸ ಹುಡುಕುತ್ತೇನೆ, ಅವರ ಕೆಲಸ ಬಿಡದೆ. ಅಂಥವರಿಗೆ ತಮ್ಮ ತೂಕ ಗೊತ್ತಿರುತ್ತದೆ. ಮೊದಲು ದರ ಇಳಿಸಿ ಅನ್ನುತ್ತಾರೆ, ಆಮೇಲೆ 45 ದಿನ ಅಂದದ್ದು 90 ಆಗುತ್ತದೆ. ಇಲ್ಲ ಅನ್ನಲು ಧೈರ್ಯ ಬರಬೇಕಾದರೆ ಇನ್ನೊಂದು ಕಡೆ ಕೆಲಸ ಇರಬೇಕು. ಖಾತೆಯಲ್ಲಿ ಮೂರು ತಿಂಗಳ ಸಂಬಳ, ಬಾಡಿಗೆಗೆ ಸಾಲುವಷ್ಟು ದುಡ್ಡೂ ಇರಬೇಕು. ಅಷ್ಟು ಒಟ್ಟು ಮಾಡಲು ಸಮಯ ಹಿಡಿಯುತ್ತದೆ. ನಾನು ಬಂದ ಪ್ರತಿ ಬಿಲ್ಲಿನಿಂದ ಸ್ವಲ್ಪ ಸ್ವಲ್ಪ ತೆಗೆದಿಟ್ಟೆ.

ಕೊನೆಗೆ ಹೊಸ ಮಿಷನ್ನಿನ ಆಸೆ. ಇದು ಈ ಕಸುಬಿನ ರೋಗ, ಯಾರೂ ತಪ್ಪಿಸಿಕೊಂಡಿಲ್ಲ. ನನ್ನ ಪರೀಕ್ಷೆ ಹೀಗೆ: ಆ ಕೆಲಸವನ್ನು ಮೊದಲು ಹೊರಗೆ ಮಾಡಿಸುತ್ತೇನೆ. ಹೊರಗೆ ಕೊಡುವ ಬಿಲ್ಲು ಸತತ ಆರು ತಿಂಗಳು ಮಿಷನ್ನಿನ ಕಂತು, ಕರೆಂಟು, ನಡೆಸುವವರ ಸಂಬಳ ಮೂರೂ ಸೇರಿದ್ದಕ್ಕಿಂತ ಹೆಚ್ಚಾದರೆ ಮಾತ್ರ ಖರೀದಿ ಮಾತು. ನಡುವೆ ಒಂದು ತಿಂಗಳು ಕೆಳಗೆ ಬಂದರೂ ಎಣಿಕೆ ಮತ್ತೆ ಮೊದಲಿಂದ. ಕಟಿಂಗ್ ಮಿಷನ್ ಈ ಪರೀಕ್ಷೆ ಪಾಸಾಗಿಯೇ ಒಳಗೆ ಬಂತು. ಲ್ಯಾಮಿನೇಷನ್ ಮಾತ್ರ ಇನ್ನೂ ಹೊರಗೇ ಕಳಿಸುತ್ತೇನೆ. ಆ ಬಿಲ್ಲು ಇನ್ನೂ ಅಷ್ಟು ದೊಡ್ಡದಾಗಿಲ್ಲ.