ಸರ್ವೆಯಲ್ಲಿ 4.2, ಊಟದ ಟೇಬಲ್‌ನಲ್ಲಿ ಬೇರೆ ಲೆಕ್ಕ

ನಾನು ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್. 400 ಜನರಿದ್ದೇವೆ. ಅರ್ಧಕ್ಕಿಂತ ಜಾಸ್ತಿ ಮಿಲೇನಿಯಲ್‌ಗಳು, ಅಂದರೆ ಸುಮಾರು 1981ರಿಂದ 1996ರೊಳಗೆ ಹುಟ್ಟಿದವರು. ನಮ್ಮ ಮ್ಯಾನೇಜ್‌ಮೆಂಟ್ ಇವರನ್ನು ಈಗಲೂ ‘ಹುಡುಗರು’ ಅನ್ನುತ್ತದೆ. ಆ ಹುಡುಗರಲ್ಲಿ ಕೆಲವರಿಗೆ ಆಗಲೇ ಮಂಡಿನೋವು ಶುರುವಾಗಿದೆ.

ಕೆಲಸದ ಬಗ್ಗೆ ಇವರಿಗೆಲ್ಲ ಎಷ್ಟು ತೃಪ್ತಿ ಇದೆ ಅಂತ ಪ್ರತಿ ವರ್ಷ ಸರ್ವೆ ಮಾಡುತ್ತೇವೆ. ‘ಹೆಸರು ಬೇಡ’ ಅಂತ ಮೇಲೆ ಬರೆದಿರುತ್ತೇವೆ, ಕೆಳಗೆ ಟೀಮ್ ಯಾವುದು, ಎಷ್ಟು ವರ್ಷದ ಅನುಭವ ಅಂತ ಕೇಳುತ್ತೇವೆ. ಆರು ಜನರ ಟೀಮಿನಲ್ಲಿ ಬರೆದವರು ಯಾರು ಅಂತ ಗೊತ್ತಾಗಲ್ವಾ? ಒಂದು ವರ್ಷ ಐದಕ್ಕೆ 4.2 ಬಂತು. ಅದಾಗಿ ಮೂರು ತಿಂಗಳಲ್ಲಿ 11 ಜನ ರಾಜೀನಾಮೆ ಕೊಟ್ಟರು. ಕಾರಣ ಕೇಳಿದರೆ ಎಲ್ಲರದ್ದೂ ‘ಬೆಟರ್ ಆಪರ್ಚುನಿಟಿ’. ಮುಂದಿನ ಕೆಲಸಕ್ಕೆ ಬೇಕಾಗುವ ರಿಲೀವಿಂಗ್ ಲೆಟರ್ ನಮ್ಮ ಕೈಯಲ್ಲಿರುವಾಗ ಇನ್ನೇನು ಹೇಳುತ್ತಾರೆ?

ಫಾರಂ ಬಿಟ್ಟು ಕ್ಯಾಂಟೀನಿನಲ್ಲಿ ಅವರ ಜೊತೆ ಊಟಕ್ಕೆ ಕೂರತೊಡಗಿದೆ. ಮೊದಲ ಎರಡು ವಾರ ದಂಡ. ‘ಇಲ್ಲಿ ವರ್ಕ್ ಕಲ್ಚರ್ ಹೇಗಿದೆ?’ ಅಂದರೆ ‘ಚೆನ್ನಾಗಿದೆ ಮೇಡಂ.’ ತಪ್ಪು ನನ್ನ ಪ್ರಶ್ನೆಯದು. ಅದನ್ನು ಬದಲಾಯಿಸಿದೆ: ‘ಹೋದ ಸಲ ರಜೆ ಕೇಳಿದಾಗ ಏನಾಯ್ತು?’

ಒಬ್ಬ ಟೆಸ್ಟರ್ ಮೊಸರನ್ನದ ತಟ್ಟೆ ಪಕ್ಕಕ್ಕೆ ಸರಿಸಿ ಫೋನ್ ತೋರಿಸಿದರು. ತಂಗಿ ಮದುವೆಗೆ ರಜೆ ಅಪ್ರೂವ್ ಆಗಿತ್ತು. ಮುಹೂರ್ತದ ದಿನ ಬೆಳಗ್ಗೆ ಮ್ಯಾನೇಜರ್ ಮೆಸೇಜು: ‘ಒಂದೈದು ನಿಮಿಷ ಲಾಗಿನ್ ಆಗ್ತೀರಾ?’ ತುಮಕೂರಿನ ಆ ಛತ್ರದಲ್ಲಿ ಪ್ಲಗ್ ಸಿಕ್ಕಿದ್ದು ಅಡುಗೆಮನೆ ಪಕ್ಕ. ಐದು ನಿಮಿಷ ಹೋಗಿ ಐವತ್ತಾಯಿತು. ಧಾರೆಯ ಫೋಟೋದಲ್ಲಿ ಇವರಿಲ್ಲ. ‘ಕೆಲಸ ಮಾಡಿದ್ದಕ್ಕೆ ಬೇಜಾರಿಲ್ಲ ಮೇಡಂ. ಮದುವೆ ಹೇಗಾಯ್ತು ಅಂತ ವಾಪಸ್ ಬಂದಾಗ ಒಂದು ಮಾತೂ ಕೇಳ್ಲಿಲ್ಲ.’

ಆಮೇಲೆ ಮಾತು ತಾನಾಗಿ ಬಂತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕೂಸಿನಮನೆ, ಅಂದರೆ ಸಿಬ್ಬಂದಿಯ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಲೇಬೇಕು. ನಮ್ಮಲ್ಲೂ ಇದೆ, ಬಣ್ಣ ಬಣ್ಣದ ಗೋಡೆ. ಆಗ ಬಾಗಿಲು ಹಾಕುತ್ತಿದ್ದದ್ದು ಸಂಜೆ ಆರಕ್ಕೆ, ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಶುರುವಾಗುವುದು ಆರೂವರೆಗೆ. ಇಬ್ಬರು ತಾಯಂದಿರು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ಮ್ಯೂಟ್ ಹಾಕಿಕೊಂಡು ಮೀಟಿಂಗ್ ಮುಗಿಸುತ್ತಿದ್ದರು. ಇದು ಯಾವ ಸರ್ವೆಯಲ್ಲೂ ಬಂದಿರಲಿಲ್ಲ. ನಾವು ಕೇಳಿರಲೂ ಇಲ್ಲ ಬಿಡಿ. ಬೀನ್ ಬ್ಯಾಗ್, ಫೂಸ್‌ಬಾಲ್ ಟೇಬಲ್ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ. ಬಜೆಟ್ ಜಾಸ್ತಿ ಹೋಗಿದ್ದು ಅದಕ್ಕೇ.

ಮೇಲಿನವರ ಮುಂದೆ ಪರ್ಸೆಂಟೇಜ್ ಇಡಲಿಲ್ಲ. ಹೆಸರು, ಗುರುತು ತೆಗೆದು, ನಡೆದದ್ದನ್ನು ಹಾಗೆಯೇ ಓದಿ ಹೇಳಿದೆ. ಕೂಸಿನಮನೆ ಈಗ ಎಂಟರವರೆಗೆ ತೆರೆದಿರುತ್ತದೆ. ರಜೆ ಫಾರಂನಲ್ಲಿ ‘ಕಾರಣ’ ಅನ್ನೋ ಕಾಲಂ ತೆಗೆದು, ‘ಈ ದಿನಗಳಲ್ಲಿ ಕೆಲಸ ಯಾರು ನೋಡುತ್ತಾರೆ’ ಅಂತ ಹಾಕಿದೆವು. ತುಂಬಬೇಕಾದವರು ಮ್ಯಾನೇಜರ್.

ಒಬ್ಬ ಮ್ಯಾನೇಜರ್‌ಗೆ ಸಿಟ್ಟು ಬಂತು. ‘ಈ ಮಿಲೇನಿಯಲ್‌ಗಳನ್ನ ತಲೆ ಮೇಲೆ ಕೂರಿಸ್ಕೋತಿದ್ದೀರಿ’ ಅಂದರು. ಸುಮ್ನೆ ಕುತೂಹಲಕ್ಕೆ ಅವರ ಫೈಲ್ ತೆಗೆದು ನೋಡಿದೆ. ಹುಟ್ಟಿದ್ದು 1983.